ಕಪ್ ನಮ್ದು, ಕರಾರು ಯಾರ್ದು?

2025ರ ಜೂನ್ 4ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಹದಿನೆಂಟನೇ ಐಪಿಎಲ್‌ನಲ್ಲಿ ಕೊನೆಗೂ ಗೆದ್ದ ಮೊದಲ ಕಪ್ಪನ್ನು ಕಣ್ಣಾರೆ ನೋಡಲು ಬಂದವರು ಅವರು. ಮರುದಿನದಿಂದ ಸದನದ ಒಳಗೂ ಹೊರಗೂ ಉತ್ತರ ಹೇಳಬೇಕಾಗಿ ಬಂದದ್ದು ಗೃಹ ಸಚಿವ ಜಿ. ಪರಮೇಶ್ವರ ಅವರಿಗೆ. ಅವರು ಕೊರಟಗೆರೆಯ ಶಾಸಕರು. ಐದು ವರ್ಷಕ್ಕೊಮ್ಮೆಯಾದರೂ ಕೊರಟಗೆರೆಯ ಮತದಾರ ಅವರನ್ನು ನಿಲ್ಲಿಸಿ ಕೇಳಬಹುದು. ನಗರ ಪೊಲೀಸ್ ಕಮಿಷನರ್ ಬಿ. ದಯಾನಂದ ಅಮಾನತಾದರು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ರಾಜೀನಾಮೆ ಕೊಟ್ಟರು. ತಂಡದ ಮಾರುಕಟ್ಟೆ ವಿಭಾಗದ ಮುಖ್ಯಸ್ಥರ ಬಂಧನವಾಯಿತು. ಮಂತ್ರಿ, ಅಧಿಕಾರಿ, ಪದಾಧಿಕಾರಿ, ನೌಕರ, ಹೀಗೆ ಎಲ್ಲರೂ ಒಂದಲ್ಲ ಒಂದು ಕಟಕಟೆಯಲ್ಲಿ ನಿಂತರು. ತಂಡದ ಮಾಲೀಕರ ಮುಖ ಮಾತ್ರ ಯಾರಿಗೂ ಕಾಣಲಿಲ್ಲ.

ಅವರನ್ನು ಹುಡುಕಿಕೊಂಡು ಹೊರಟರೆ ದಾರಿ ಲಂಡನ್ನಿಗೆ ಹೋಗುತ್ತದೆ. ಕಾಲ್ತುಳಿತ ನಡೆದಾಗ ತಂಡ ಇದ್ದದ್ದು ರಾಯಲ್ ಚಾಲೆಂಜರ್ಸ್ ಸ್ಪೋರ್ಟ್ಸ್ ಪ್ರೈವೇಟ್ ಲಿಮಿಟೆಡ್ ಹೆಸರಿನಲ್ಲಿ. ಆ ಕಂಪನಿ ಆಗ ಯುನೈಟೆಡ್ ಸ್ಪಿರಿಟ್ಸ್‌ಗೆ ಸೇರಿತ್ತು. ಯುನೈಟೆಡ್ ಸ್ಪಿರಿಟ್ಸ್‌ನ ಅರ್ಧಕ್ಕಿಂತ ಹೆಚ್ಚು ಷೇರು ಬ್ರಿಟನ್ನಿನ ಡಿಯಾಜಿಯೊ ಕೈಯಲ್ಲಿದೆ. 2008ರಲ್ಲಿ ವಿಜಯ್ ಮಲ್ಯ 11.16 ಕೋಟಿ ಡಾಲರ್‌ಗೆ ತಂಡ ಕೊಂಡಾಗ ಕನಿಷ್ಠ ಒಂದು ಮುಖ ಇತ್ತು. ಹೊಗಳಲಿಕ್ಕೂ ತೆಗಳಲಿಕ್ಕೂ ಅದು ಸಿಗುತ್ತಿತ್ತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. ಅಷ್ಟರಲ್ಲಾಗಲೇ ಹಿಡಿತ ಡಿಯಾಜಿಯೊಗೆ ಹೋಗಿತ್ತು. ಕೆಂಪು ಜೆರ್ಸಿ ತೊಟ್ಟ ಶಿರಾದ ಹುಡುಗನಿಗೆ ಇದ್ಯಾವುದೂ ಗೊತ್ತಾಗಲಿಲ್ಲ, ಗೊತ್ತು ಮಾಡಬೇಕೆಂಬ ನಿಯಮವೂ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಯುನೈಟೆಡ್ ಸ್ಪಿರಿಟ್ಸ್ ತನ್ನ ಕ್ರಿಕೆಟ್ ವ್ಯವಹಾರದ ‘ಕಾರ್ಯತಂತ್ರ ಪರಿಶೀಲನೆ’ ಆರಂಭಿಸಿರುವುದಾಗಿ ಹೇಳಿತು. ನೇರ ಕನ್ನಡದಲ್ಲಿ ಹೇಳುವುದಾದರೆ, ಮಾರಾಟಕ್ಕೆ ಬಾಗಿಲು ತೆರೆಯಿತು. ಅದನ್ನು ಹೇಳಿದ್ದು ಷೇರುಪೇಟೆಗೆ. ಷೇರುದಾರರಿಗೆ ತಿಳಿಸದೆ ಇಂಥದನ್ನು ಮಾಡುವಂತಿಲ್ಲ ಎಂದು ಕಾನೂನಿದೆ. ಅಭಿಮಾನಿಗೆ ತಿಳಿಸಬೇಕೆಂಬ ಕಾನೂನು ಇಲ್ಲ.

ಶಿರಾದಂಥ ಊರಿನಿಂದ ನೋಡಿದರೆ ಪ್ರಶ್ನೆ ಒಂದು ನಗರದ್ದಲ್ಲ. ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಕೇಂದ್ರ ಮಧುಗಿರಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಐಪಿಎಲ್ ತಂಡವಿಲ್ಲ. ಆದರೆ ಐಪಿಎಲ್‌ನ ದುಡ್ಡು ಹುಟ್ಟುವ ಜಾಗಗಳಲ್ಲಿ ಇವೂ ಸೇರಿವೆ. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು, ಅದರಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಪಾವಗಡದ ಬಸ್ ನಿಲ್ದಾಣದಲ್ಲಿ ಮೊಬೈಲ್ ಹಿಡಿದು ಕೂತವನ ಕಣ್ಣಿಗೆ ಬಿದ್ದ ಜಾಹೀರಾತಿಗೂ ಆ ಲೆಕ್ಕದಲ್ಲಿ ಬೆಲೆ ಕಟ್ಟಿರುತ್ತಾರೆ. ಅದೇ ಮನುಷ್ಯ ಚಿನ್ನಸ್ವಾಮಿಗೆ ಹೋಗಿ ಪಂದ್ಯ ನೋಡಲು ಹೊರಟರೆ? 2025ರಲ್ಲಿ ಆರ್‌ಸಿಬಿ ಪಂದ್ಯದ ತೀರಾ ಅಗ್ಗದ ಟಿಕೆಟ್ಟೂ ಎರಡು ಸಾವಿರ ದಾಟಿತ್ತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಆರು ದಿನ ಮಣ್ಣು ಹೊತ್ತರೆ ಒಂದು ಟಿಕೆಟ್, ಬಸ್ ಚಾರ್ಜು ಬೇರೆ.

ಪಾವಗಡದ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಮೂರು ಕಡೆ ಆಂಧ್ರ ಸುತ್ತುವರಿದ ಆ ತಾಲ್ಲೂಕಿನಲ್ಲಿ ತೆಲುಗು ಮನೆಮಾತಾದವರು ಬಹಳ. ಅಲ್ಲಿ ಹೈದರಾಬಾದಿನ ಸನ್‌ರೈಸರ್ಸ್‌ಗೂ ಅಭಿಮಾನಿಗಳಿದ್ದಾರೆ. ಆ ತಂಡದ ಒಡೆತನ ಚೆನ್ನೈನ ಸನ್ ಟಿವಿ ಸಮೂಹದ್ದು. 2025ರ ಮಾರ್ಚ್‌ನಲ್ಲಿ ಉಚಿತ ಪಾಸುಗಳ ವಿಷಯದಲ್ಲಿ ಹೈದರಾಬಾದ್ ಕ್ರಿಕೆಟ್ ಸಂಸ್ಥೆಗೂ ತಂಡಕ್ಕೂ ಜಗಳ ಹತ್ತಿದಾಗ, ಹೀಗೇ ಆದರೆ ಊರನ್ನೇ ಬಿಟ್ಟು ಹೋಗುತ್ತೇವೆ ಎಂದು ತಂಡ ಪತ್ರ ಬರೆಯಿತು. ಆ ಜಗಳದಲ್ಲಿ ತಪ್ಪು ಸಂಸ್ಥೆಯದ್ದೇ ಹೆಚ್ಚು ಅನ್ನಿಸುತ್ತದೆ. ಮುಂದೆ ಸಂಸ್ಥೆಯ ಅಧ್ಯಕ್ಷರನ್ನು ತೆಲಂಗಾಣ ಸಿಐಡಿ ಬಂಧಿಸಿತು ಕೂಡ. ಆದರೂ ಮಾಲೀಕನ ಕೈಯಲ್ಲಿರುವ ಕೊನೆಯ ಅಸ್ತ್ರ ಯಾವುದೆಂದು ಆ ಪತ್ರ ತೋರಿಸಿತು. ಗಂಟು ಮೂಟೆ ಕಟ್ಟಿಕೊಂಡು ಹೊರಡುವ ಸ್ವಾತಂತ್ರ್ಯ ತಂಡಕ್ಕಿದೆ, ಊರಿಗಿಲ್ಲ.

ಆರ್‌ಸಿಬಿ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಬೆಂಗಳೂರಿನ ಹೊರವಲಯದ ಇಟ್ಟಗಲ್ಲುಪುರ, ಸಾದೇನಹಳ್ಳಿ ಕೆರೆಗಳ ಹೂಳೆತ್ತಿಸಿದೆ, ಕಣ್ಣೂರು ಕೆರೆಯಲ್ಲೂ ಕೆಲಸ ಮಾಡಿಸಿದೆ. ಹಸಿರು ಜೆರ್ಸಿಯ ಪಂದ್ಯ ಆಡಲು ಶುರುಮಾಡಿ ವರ್ಷಗಳೇ ಆದವು. ಕಾಲ್ತುಳಿತದಲ್ಲಿ ಸತ್ತವರ ಕುಟುಂಬಗಳಿಗೆ ಮೊದಲು ತಲಾ 10 ಲಕ್ಷ ಘೋಷಿಸಿ, ಆಗಸ್ಟ್ ಕೊನೆಗೆ ‘ಆರ್‌ಸಿಬಿ ಕೇರ್ಸ್’ ಹೆಸರಿನಲ್ಲಿ 25 ಲಕ್ಷ ಕೊಟ್ಟಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವಷ್ಟೂ ಕೊಡುವವನ ಮನಸ್ಸಿನ ಮೇಲೆ ನಿಂತಿವೆ. ಯಾವ ಕೆರೆ, ಎಷ್ಟು ಹಣ, ಯಾವಾಗ ಎಂಬುದನ್ನೆಲ್ಲ ಕೊಡುವವನೇ ತೀರ್ಮಾನಿಸುತ್ತಾನೆ. ಉತ್ತರದಾಯಿತ್ವ ಎನ್ನುವುದು ‘ಇಲ್ಲ’ ಎಂದು ಹೇಳುವ ಅವಕಾಶ ಅವನಿಗಿಲ್ಲದ ಕಡೆ ಮಾತ್ರ ಶುರುವಾಗುತ್ತದೆ.

ಕಂಪನಿ ಕಾಯ್ದೆ 2013ರ 135ನೇ ಕಲಂ ಇದಕ್ಕೊಂದು ಸಣ್ಣ ಕಿಟಕಿ ತೆರೆದಿದೆ. ನಿಗದಿತ ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು, ತಾವು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಗ್ರಾಮೀಣ ಕ್ರೀಡೆಗಳ ತರಬೇತಿಯೂ ಅದರ ಪಟ್ಟಿಯಲ್ಲಿದೆ. ಒಂದು ಕಾರ್ಖಾನೆಗೆ ಸ್ಥಳೀಯ ಪ್ರದೇಶ ಯಾವುದೆಂದು ಹೇಳುವುದು ಸುಲಭ, ಹೊಗೆ ಹೋಗುವಷ್ಟು ದೂರ ಎನ್ನಬಹುದು. ಕ್ರಿಕೆಟ್ ತಂಡಕ್ಕೆ? ಚಿನ್ನಸ್ವಾಮಿಯ ಕಾಂಪೌಂಡೋ, ಬೆಂಗಳೂರೋ, ‘ಈ ಸಲ ಕಪ್ ನಮ್ದೇ’ ಎಂದು ಕೂಗಿದ ಊರುಗಳೆಲ್ಲವೋ? ಮಾರಾಟದ ಲೆಕ್ಕ ಬಂದಾಗ ಇಡೀ ಕರ್ನಾಟಕ ತಂಡದ ಮಾರುಕಟ್ಟೆ. ಖರ್ಚಿನ ಲೆಕ್ಕ ಬಂದಾಗ ಕೆಂಪೇಗೌಡ ವಿಮಾನ ನಿಲ್ದಾಣದ ಆಚೆ ಕರ್ನಾಟಕ ಮುಗಿದುಹೋಗುತ್ತದೆ.

ಅಭಿಮಾನಿಗಳ ಒತ್ತಡಕ್ಕೆ ತಂಡ ಮಣಿಯುವುದೇ ಇಲ್ಲವೆಂದಲ್ಲ. ನಗರದ ಹೆಸರು 2014ರ ನವೆಂಬರ್ 1ರಂದೇ ಅಧಿಕೃತವಾಗಿ ಬೆಂಗಳೂರಾದರೂ ತಂಡ ‘ಬ್ಯಾಂಗಲೋರ್’ ಆಗಿಯೇ ಉಳಿದಿತ್ತು. 2024ರ ಮಾರ್ಚ್‌ನಲ್ಲಿ ಬದಲಾಯಿತು. ಅದೇ ವರ್ಷದ ಕೊನೆಗೆ ಹಿಂದಿಯಲ್ಲೊಂದು ಸಾಮಾಜಿಕ ಜಾಲತಾಣದ ಖಾತೆ ತೆರೆದಾಗ ಕನ್ನಡಿಗರಿಂದ ಚೆನ್ನಾಗಿ ಬೈಸಿಕೊಂಡಿತು. ಭಾಷೆ, ಹೆಸರು, ಬಣ್ಣದ ವಿಷಯದಲ್ಲಿ ನಮ್ಮ ಜನ ಒಂದಾಗುತ್ತಾರೆ, ಮಾಲೀಕರೂ ಕಿವಿಗೊಡುತ್ತಾರೆ. ಅದಕ್ಕೆ ಖರ್ಚು ಕಡಿಮೆ ಎಂಬುದೂ ಕಾರಣವಿರಬಹುದು. ಗೇಟಿನ ಅಗಲ, ಟಿಕೆಟ್ಟಿನ ದರ, ಪಿಚ್ಚಿಗೆ ಹಾಯಿಸುವ ನೀರು, ಇವುಗಳಿಗೆ ಹ್ಯಾಷ್‌ಟ್ಯಾಗ್ ಕಟ್ಟಿದವರಿಲ್ಲ.

ನೀರಿನ ಕಥೆ ಈ ಭಾಗದವರು ನೆನಪಿಡಬೇಕಾದದ್ದು. 2016ರ ಬರಗಾಲದಲ್ಲಿ ಬಾಂಬೆ ಹೈಕೋರ್ಟ್, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳು ಮಹಾರಾಷ್ಟ್ರದಲ್ಲಿ ಬೇಡ ಎಂದು ಆದೇಶಿಸಿತು. ಕುಡಿಯಲು ನೀರಿಲ್ಲದಾಗ ಪಿಚ್ಚಿಗೆ ಹಾಯಿಸುವುದು ಸರಿಯೇ ಎಂಬುದು ಅರ್ಜಿದಾರರ ಪ್ರಶ್ನೆ. ಮುಂಬೈನಲ್ಲಿ ನಡೆಯಬೇಕಿದ್ದ ಫೈನಲ್ ಎಲ್ಲಿಗೆ ಹೋಯಿತು? ಬೆಂಗಳೂರಿಗೆ. ಆ ವರ್ಷ ಕರ್ನಾಟಕದಲ್ಲೇನು ಹೊಳೆ ಹರಿಯುತ್ತಿರಲಿಲ್ಲ. ಫ್ಲೋರೈಡ್ ನೀರಿನಿಂದ ಹಲ್ಲು ಕಂದು ಹಿಡಿದ ಪಾವಗಡದ ಮಕ್ಕಳು ಟ್ಯಾಂಕರಿಗೆ ಕಾಯುವ ಊರುಗಳಿರುವ ರಾಜ್ಯ ಇದು. ಇಲ್ಲಿ ಯಾರೂ ಆ ಪ್ರಶ್ನೆಯನ್ನು ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. 2023–24ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ಬೇಸಿಗೆಯಲ್ಲಿ ಮಾತ್ರ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕ್ರೀಡಾಂಗಣಕ್ಕೆ ಜಲಮಂಡಳಿಯ ಸಂಸ್ಕರಿಸಿದ ನೀರು ಕೊಡುವ ವ್ಯವಸ್ಥೆಯಾಯಿತು. ಯಾರಾದರೂ ಕೇಳಿದರೆ ದಾರಿ ಸಿಗುತ್ತದೆ ಎಂಬುದಕ್ಕೆ ಇದೊಂದು ಪುರಾವೆ.

ಕೇಳಿದರಷ್ಟೇ ಸಾಲದು, ಬರೆಸಿಕೊಳ್ಳಬೇಕು. ಲಿಖಿತ ಕರಾರು ಎಂದರೇನು ಎಂಬುದನ್ನು ಪಾವಗಡದವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ರಾಯಚೆರ್ಲು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. 2018ರ ಮಾರ್ಚ್ 1ರಂದು ಅದರ ಉದ್ಘಾಟನೆಯಾಯಿತು. ಅಲ್ಲಿ ಜಮೀನನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ, ರೈತ ಮಾರಲೂ ಇಲ್ಲ. 28 ವರ್ಷದ ಗುತ್ತಿಗೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಸುಮಾರು 2,300 ರೈತರು ಸಹಿ ಹಾಕಿದರು. ಫಲಕ ನಿಲ್ಲಿಸಿದ ಕಂಪನಿಗಳು ಕೈ ಬದಲಾಗಬಹುದು, ಹೆಸರು ಬದಲಾಗಬಹುದು. ಕರಾರಿನ ಬಾಡಿಗೆ ಮಾತ್ರ ರೈತನಿಗೆ ಬರಲೇಬೇಕು. ಪಹಣಿ ಅವನ ಹೆಸರಿನಲ್ಲೇ ಉಳಿದಿದೆ.

ಅದರಲ್ಲೂ ಒಂದು ದೊಡ್ಡ ತೂತಿದೆ. ಜಮೀನಿದ್ದವನಿಗೆ ಬಾಡಿಗೆ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ. ಗಾಜು ತೊಳೆಯುವ, ಕಾವಲು ಕಾಯುವ ಕೆಲಸ ಸಿಕ್ಕಿದ್ದು ಕೆಲವರಿಗೆ. ಹಾಗಾಗಿ ‘ಸ್ಥಳೀಯ ಸಮುದಾಯ’ ಎಂದು ಬರೆದುಬಿಟ್ಟರೆ ಸಾಲದು, ಅದರಲ್ಲಿ ಯಾರು ಯಾರು ಎಂದೂ ಬರೆಯಬೇಕಾಗುತ್ತದೆ. ಕ್ರೀಡಾಂಗಣದ ಹೊರಗೆ ಬಾವುಟ, ಜೆರ್ಸಿ ಮಾರುವವರೂ ಸಮುದಾಯವೇ, ಆದರೆ ಯಾವ ಮಾಲೀಕನ ಕಡತದಲ್ಲೂ ಅವರಿಲ್ಲ.

ಈ ಊರುಗಳಿಗೆ ತಂಡದ ಮಾಲೀಕ ಅಪರಿಚಿತನೇನಲ್ಲ. ಜಾತ್ರೆ, ರಾಜ್ಯೋತ್ಸವದ ದಿನಗಳಲ್ಲಿ ನಡೆಯುವ ಹೊನಲು ಬೆಳಕಿನ ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳಿಗೆ ಪ್ರಾಯೋಜಕ ಇದ್ದೇ ಇರುತ್ತಾನೆ. ಜೆರ್ಸಿಯ ಬೆನ್ನ ಮೇಲೆ ಅವನ ಅಂಗಡಿಯ ಹೆಸರು, ಫ್ಲೆಕ್ಸಿನಲ್ಲಿ ಕೈ ಮುಗಿದ ಫೋಟೊ. ಪ್ರಥಮ ಬಹುಮಾನದ ನಗದು ಬರಲಿಲ್ಲವೆಂದರೆ ಗೆದ್ದ ತಂಡ ಬೆಳಿಗ್ಗೆ ಅವನ ಮನೆ ಬಾಗಿಲಿಗೇ ಹೋಗುತ್ತದೆ. ಚುನಾವಣೆಯ ಆಸೆಯಿರುವ ಪ್ರಾಯೋಜಕನಾದರೆ ಆ ಭಯ ಇನ್ನೂ ಹೆಚ್ಚು. ಇದು ಆದರ್ಶ ವ್ಯವಸ್ಥೆಯಲ್ಲ, ಜಾತಿ ಪಕ್ಷಗಳ ಲೆಕ್ಕಾಚಾರ ಎಲ್ಲ ಅದರೊಳಗಿದೆ. ಆದರೂ ಕೇಳುವವನಿಗೆ ವಿಳಾಸ ಗೊತ್ತಿರುತ್ತದೆ.

ವಿಳಾಸ ತಪ್ಪಿದಾಗ ಏನಾಗುತ್ತದೆ ಎಂದು ಕರ್ನಾಟಕ ಪ್ರೀಮಿಯರ್ ಲೀಗ್ ತೋರಿಸಿತು. ಬೆಳಗಾವಿ, ಬಳ್ಳಾರಿ, ಬಿಜಾಪುರ, ಹುಬ್ಬಳ್ಳಿ, ಶಿವಮೊಗ್ಗ, ಮೈಸೂರು ಎಂದು ಜಿಲ್ಲೆಗಳ ಹೆಸರು ಹೊತ್ತ ತಂಡಗಳು. ಹೆಸರು ಕೊಟ್ಟ ಊರಿಗೆ ತಂಡದ ಮೇಲೆ ಯಾವ ಹಿಡಿತವೂ ಇರಲಿಲ್ಲ. 2019ರಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬೆಳಗಾವಿ ಪ್ಯಾಂಥರ್ಸ್ ಮಾಲೀಕರನ್ನು, ನಂತರ ಬಳ್ಳಾರಿ ತಂಡದ ಆಟಗಾರರನ್ನು ಬಂಧಿಸಿದರು. ಲೀಗ್ ಅಲ್ಲಿಗೇ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿಯಾಗಿ ಹೊಸ ಹುಟ್ಟು ಪಡೆಯಿತು. ಅದರ ಆರು ತಂಡಗಳಲ್ಲಿ ತುಮಕೂರಿನ ಹೆಸರಿಲ್ಲ. ಬೇಸರ ಪಡಬೇಕೋ ನಿಟ್ಟುಸಿರು ಬಿಡಬೇಕೋ ಹೇಳುವುದು ಕಷ್ಟ.

ಕ್ರಿಕೆಟ್ ಬಿಟ್ಟರೂ ಚಿತ್ರ ಬದಲಾಗದು. ಬೆಂಗಳೂರು ಬುಲ್ಸ್ ಕಬಡ್ಡಿ ತಂಡ 2017ರಲ್ಲಿ ತನ್ನ ‘ತವರು’ ಪಂದ್ಯಗಳನ್ನು ನಾಗಪುರದಲ್ಲಿ, 2018ರಲ್ಲಿ ಪುಣೆಯಲ್ಲಿ ಆಡಿತು. ಕಬಡ್ಡಿಯನ್ನು ಮೈಮೇಲೆ ಬರುವಷ್ಟು ಪ್ರೀತಿಸುವ ಜಿಲ್ಲೆಗಳು ಟಿವಿಯಲ್ಲೇ ನೋಡಿದವು. ಜೆಎಸ್‌ಡಬ್ಲ್ಯು ಒಡೆತನದ ಬೆಂಗಳೂರು ಎಫ್‌ಸಿ ಕಂಠೀರವ ಕ್ರೀಡಾಂಗಣ ಹಿಡಿದಾಗ, ಓಟದ ಪಥ ತಮ್ಮದೆಂದು ಅಥ್ಲೀಟುಗಳೂ ಕೋಚ್‌ಗಳೂ ಹೈಕೋರ್ಟಿಗೆ ಹೋದರು. ಜಿಲ್ಲೆಗಳಿಂದ ಬಂದು ತರಬೇತಿ ಪಡೆಯುವ ಮಕ್ಕಳಿಗೆ ಅದೊಂದೇ ಆಸರೆ ಎಂಬುದು ಅವರ ವಾದ. 2025ರ ಆಗಸ್ಟ್‌ನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಭವಿಷ್ಯವೇ ಡೋಲಾಯಮಾನವಾದಾಗ ಅದೇ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು.

ಹೊರದೇಶಗಳಲ್ಲಿ ಈ ಜಗಳ ಹಳೆಯದು. ಅಮೆರಿಕದ ಗ್ರೀನ್ ಬೇ ಒಂದು ಲಕ್ಷದಷ್ಟು ಜನಸಂಖ್ಯೆಯ ಊರು. ಅಲ್ಲಿನ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಒಬ್ಬ ಧನಿಕ ಮಾಲೀಕನಿಲ್ಲ. 1923ರಿಂದಲೂ ಜನರೇ ಷೇರುದಾರರು, ಈಗ ಐದು ಲಕ್ಷಕ್ಕೂ ಹೆಚ್ಚು. ಲಾಭಾಂಶ ಸಿಗದು. ಜರ್ಮನಿಯಲ್ಲಿ ‘50+1’ ನಿಯಮವಿದೆ, ಮತದ ಬಹುಪಾಲು ಸದಸ್ಯರ ಕ್ಲಬ್ಬಿನಲ್ಲೇ ಉಳಿಯಬೇಕು. ಇವೆರಡನ್ನೂ ಇಲ್ಲಿಗೆ ತರುವುದು ಸದ್ಯಕ್ಕೆ ಕನಸು. ಹತ್ತಿರ ಬರುವುದು ಓಹಾಯೊ ರಾಜ್ಯದ ಕಥೆ. 1995ರಲ್ಲಿ ಆರ್ಟ್ ಮೊಡೆಲ್ ಎಂಬ ಮಾಲೀಕ ಕ್ಲೀವ್‌ಲ್ಯಾಂಡಿನ ಬ್ರೌನ್ಸ್ ತಂಡವನ್ನು ಬಾಲ್ಟಿಮೋರಿಗೆ ಎತ್ತಿಕೊಂಡು ಹೊರಟ. ಊರು ಕೋರ್ಟಿಗೆ ಹೋಗಿ ತಂಡದ ಹೆಸರು, ಬಣ್ಣ, ಇತಿಹಾಸವನ್ನು ತನ್ನಲ್ಲೇ ಉಳಿಸಿಕೊಂಡಿತು. ಆಮೇಲೆ ರಾಜ್ಯ ಕಾನೂನು ಮಾಡಿತು: ತೆರಿಗೆ ಹಣದ ನೆರವು ಪಡೆದ ಕ್ರೀಡಾಂಗಣದಲ್ಲಿ ಆಡುವ ತಂಡ ಊರು ಬಿಡುವ ಮುನ್ನ ಆರು ತಿಂಗಳ ನೋಟಿಸ್ ಕೊಡಬೇಕು, ಸ್ಥಳೀಯರಿಗೆ ಕೊಳ್ಳುವ ಅವಕಾಶ ಕೊಡಬೇಕು. 2018ರಲ್ಲಿ ಕೊಲಂಬಸ್‌ನ ಫುಟ್‌ಬಾಲ್ ತಂಡ ಹೊರಟು ನಿಂತಾಗ ಇದೇ ಕಾನೂನಿನ ಮೇಲೆ ದಾವೆ ಹೂಡಲಾಯಿತು. ತಂಡ ಅಲ್ಲೇ ಉಳಿಯಿತು. ಇಂಗ್ಲೆಂಡಿನಲ್ಲಿ 2021ರ ಸೂಪರ್ ಲೀಗ್ ಹುನ್ನಾರದ ವಿರುದ್ಧ ಅಭಿಮಾನಿಗಳು ಬೀದಿಗಿಳಿದ ಫಲವಾಗಿ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂತು, ಮಾಲೀಕರ ಯೋಗ್ಯತೆ ಪರೀಕ್ಷಿಸಲು ಸ್ವತಂತ್ರ ನಿಯಂತ್ರಕ ಬಂದ.

ಭಾರತದ ಕಾನೂನು ಇನ್ನೂ ಮಾಲೀಕನ ಹೊಸ್ತಿಲಿನ ಹೊರಗೇ ನಿಂತಿದೆ. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಬಿಸಿಸಿಐ ನಡೆಸುವುದು ಸಾರ್ವಜನಿಕ ಕಾರ್ಯ ಎಂದಿತು. ಅದೇ ವರ್ಷ ಲೋಧಾ ಸಮಿತಿ ಚೆನ್ನೈ, ರಾಜಸ್ಥಾನ ತಂಡಗಳನ್ನು ಎರಡು ವರ್ಷ ಹೊರಗಿಟ್ಟಿತು, ಕಾರಣ ಬೆಟ್ಟಿಂಗ್. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕ್ರೀಡಾ ಒಕ್ಕೂಟಗಳನ್ನು ನೋಡಿಕೊಳ್ಳುತ್ತದೆ, ತಂಡಗಳ ಮಾಲೀಕರನ್ನಲ್ಲ. ಕಾಲ್ತುಳಿತದ ವಿಷಯದಲ್ಲಿ ಕೇಂದ್ರ ಆಡಳಿತ ನ್ಯಾಯಮಂಡಳಿ ಜುಲೈ 1ರಂದು, ಲಕ್ಷಾಂತರ ಜನ ಸೇರಲು ಮೇಲ್ನೋಟಕ್ಕೆ ಆರ್‌ಸಿಬಿಯೇ ಕಾರಣ, ಪೊಲೀಸರೇನು ದೇವರೂ ಅಲ್ಲ ಮಾಂತ್ರಿಕರೂ ಅಲ್ಲ ಎಂಬರ್ಥದ ಮಾತು ಹೇಳಿತು. ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗ ತಂಡ, ಕ್ರಿಕೆಟ್ ಸಂಸ್ಥೆ, ಕಾರ್ಯಕ್ರಮ ನಿರ್ವಹಿಸಿದ ಡಿಎನ್‌ಎ ಸಂಸ್ಥೆ, ಪೊಲೀಸರು ಎಲ್ಲರ ಮೇಲೂ ಹೊಣೆ ಹೊರಿಸಿತು. ಆ ಕ್ರೀಡಾಂಗಣದ ರಚನೆಯೇ ಭಾರಿ ಜನ ಸೇರುವ ಕಾರ್ಯಕ್ರಮಕ್ಕೆ ತಕ್ಕುದಲ್ಲ ಎಂದೂ ಹೇಳಿತು. ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆ ವಿಧಾನಸಭೆಗೆ ಬಂದು ಸದನ ಸಮಿತಿಗೆ ಹೋಯಿತು. ಅದರ ಗಮನವೆಲ್ಲ ಕಾರ್ಯಕ್ರಮದ ಸಂಘಟಕನ ಮೇಲೆ. ಸಂಘಟಕನ ಹಿಂದಿನ ಒಡೆಯ ಕೈ ಬದಲಾದರೆ ಹೊಣೆ ಯಾರಿಗೆ ದಾಟುತ್ತದೆ ಎಂಬುದನ್ನೂ ಶಾಸಕರು ಕೇಳಬೇಕಿತ್ತು.

ಈಗ ತುಮಕೂರಿನ ಮಾತು. 2024ರ ಡಿಸೆಂಬರ್ 2ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತುಮಕೂರು ಬಳಿಯ ಸೋರೆಕುಂಟೆಯಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆ ಮಾಡಿದರು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ 41 ಎಕರೆ, ಕಟ್ಟುವುದು ರಾಜ್ಯ ಕ್ರಿಕೆಟ್ ಸಂಸ್ಥೆ. ಆ ಸಂಸ್ಥೆಗೆ 2025ರ ಡಿಸೆಂಬರ್ ಚುನಾವಣೆಯಲ್ಲಿ ವೆಂಕಟೇಶ್ ಪ್ರಸಾದ್ ಅಧ್ಯಕ್ಷರಾದರು. ಚಿನ್ನಸ್ವಾಮಿಯಲ್ಲಿ ಕೇಳಲು ತಡವಾದದ್ದನ್ನೆಲ್ಲ ಇಲ್ಲಿ ಮೊದಲೇ ಕೇಳಬಹುದು. ಮಾಲೀಕ ಬಂದು ಕೂತ ಮೇಲೆ ಷರತ್ತು ಹಾಕಲಾಗದು, ಜಮೀನು ಕೊಡುವಾಗ ಹಾಕಬಹುದು. ಸಾರ್ವಜನಿಕ ಜಮೀನು ಕೊಟ್ಟ ಮೇಲೆ ಅಲ್ಲಿ ಆಡಲು ಬರುವ ಯಾವ ಫ್ರಾಂಚೈಸಿಗಾದರೂ ಅದೇ ಷರತ್ತು ಅನ್ವಯಿಸಬೇಕು, ಒಡೆತನ ಮಾರಾಟವಾದರೂ ಷರತ್ತು ಜಮೀನಿನ ಜೊತೆಗೇ ಇರಬೇಕು. ತಿರುಮಣಿಯ ಬಾಡಿಗೆ ಇರುವುದು ಹಾಗೆಯೇ.

ಷರತ್ತುಗಳ ಪಟ್ಟಿ ಮಾಡಲು ತಜ್ಞರು ಬೇಕಿಲ್ಲ. ಪಿಚ್ಚಿಗೆ ಕೊಳವೆಬಾವಿಯ ನೀರೋ ಸಂಸ್ಕರಿಸಿದ ನೀರೋ ಎಂಬ ಲೆಕ್ಕ ಪ್ರತಿ ತಿಂಗಳು ಬಹಿರಂಗವಾಗಬೇಕು. ಇಷ್ಟು ಟಿಕೆಟ್ ಒಂದು ದಿನದ ಕೂಲಿಯೊಳಗೆ ಸಿಗಬೇಕು. ಗೇಟುಗಳ ಅಗಲವನ್ನು ಮೊದಲ ಪಂದ್ಯಕ್ಕೆ ಮುನ್ನ ಹೊರಗಿನವರು ತಪಾಸಣೆ ಮಾಡಬೇಕು. ತುಮಕೂರು–ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಕ್ಕೂ, ತುಮಕೂರು–ದಾವಣಗೆರೆ ಮಾರ್ಗ ಶಿರಾಕ್ಕೂ ಬರಬೇಕಿದ್ದು ಕೆಲಸ ವರ್ಷಗಟ್ಟಲೆಯಿಂದ ಕುಂಟುತ್ತಿದೆ. ಹಾಗಾಗಿ ರಾತ್ರಿ ಹನ್ನೊಂದೂವರೆಗೆ ಮುಗಿಯುವ ಪಂದ್ಯದ ನಂತರ ನೂರು ಕಿಲೋಮೀಟರ್ ದೂರದ ಪಾವಗಡಕ್ಕೆ ಬಸ್ಸಿನ ವ್ಯವಸ್ಥೆ ತಂಡದ ಖರ್ಚಿನಲ್ಲೇ ಇರಬೇಕು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ತಂಡಗಳು ಕ್ರೀಡಾಕೂಟದ ಅಂಕಣಕ್ಕೆ ಸುಣ್ಣದ ಗೆರೆ ತಾವೇ ಎಳೆದುಕೊಂಡು ಆಡುತ್ತವೆ. ವರ್ಷದಲ್ಲಿ ಇಷ್ಟು ದಿನ ಕ್ರೀಡಾಂಗಣದ ಹುಲ್ಲು ಈ ನಾಲ್ಕು ತಾಲ್ಲೂಕಿನ ಹುಡುಗ, ಹುಡುಗಿಯರದ್ದು ಎಂಬ ಸಾಲು ಹಂಚಿಕೆ ಪತ್ರದಲ್ಲಿ ಸೇರಬೇಕಾದರೆ ಕೇಳಬೇಕಾದವರು ದೂರದಲ್ಲೇನೂ ಇಲ್ಲ. ನಾಲ್ಕೂ ಕ್ಷೇತ್ರಗಳಿಗೆ ಒಬ್ಬೊಬ್ಬ ಶಾಸಕರಿದ್ದಾರೆ.